ಮೂರನೇ ಹಂಡೆಯ ಮುಳ್ಳು

ನೋಟ್‌ಬುಕ್ ಕಾರ್ಖಾನೆಯ ಖರೀದಿ ಸಾಹೇಬರು ಪುಸ್ತಕವನ್ನು ನಡುವೆ ಬಿಡಿಸಿದರು. ಒಂದು ಹಾಳೆಯನ್ನು ಎರಡೇ ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರು. ಹಾಳೆ ಬಂದೇಬಿಟ್ಟಿತು. ಜೋರಾಗಿ ಎಳೆದು ಕಿತ್ತಿದ್ದರೆ ಅಂಟಕ್ಕನಿಗೆ ಜಗಳಕ್ಕೆ ಒಂದು ನೆಪವಾದರೂ ಸಿಗುತ್ತಿತ್ತು. ಕರೆದ ಕೂಡಲೇ ಎದ್ದು ಬಂದ ಹಾಳೆಯನ್ನು ಕಣ್ಣಾರೆ ಕಂಡ ಮೇಲೆ ಅವಳು ಏನು ತಾನೇ ಹೇಳಿಯಾಳು?

“ಇದು ಎರಡನೇ ಸಲ ಅಮ್ಮ,” ಎಂದರು ಸಾಹೇಬರು. “ನಾನೇ ಇಷ್ಟು ಮೆತ್ತಗೆ ಎಳೆದ್ರೆ ಹೀಗೆ. ಮಕ್ಕಳ ಕೈಗೆ ಕೊಟ್ರೆ ರಟ್ಟು ಮಾತ್ರ ಮನೆಗೆ ಹೋಗುತ್ತೆ.”

“ಇನ್ನೊಂದು ಸಲ ನೋಡಿ ಸರ್,” ಎಂದ ಪಕ್ಕದಲ್ಲಿದ್ದ ಅವಳ ಮೈದುನ.

“ಇನ್ನೊಂದೇ ಸಲ. ಶುಕ್ರವಾರ ತನ್ನಿ. ಅದೂ ಹೀಗಾದ್ರೆ ಬೇರೆ ಕಡೆ ನೋಡ್ಕೋತೀನಿ. ನಿಮ್ಮ ಹಳೇ ಕಂಪನಿ ಅಂಟು ಮೂರು ತಿಂಗಳಿಂದ ಕೈಕೊಡ್ತಿದೆ ಅಂತಾನೇ ನಿಮ್ಮ ಹತ್ರ ಬಂದಿದ್ದು. ನೀವೂ ಅಂಥದ್ದೇ ಮಾಡಿಕೊಟ್ರೆ ನಾನು ಅಲ್ಲೇ ಇರಬಹುದಿತ್ತಲ್ಲ!”

ಅಂಟಕ್ಕ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಹತ್ತೊಂಬತ್ತು ವರ್ಷ ಅಂಟು ಕಾಯಿಸುವ ಕೆಲಸ ಮಾಡಿದವಳಿಗೆ ಜೊತೆಯವರು ಇಟ್ಟದ್ದು, ಆಮೇಲೆ ಮನೆಯವರೂ ಅದನ್ನೇ ಹಿಡಿದುಕೊಂಡರು. ಹಳೇ ಕಂಪನಿಯಲ್ಲಿ ಅವಳ ಪಾಲಿಗೆ ಬಂದದ್ದು ಮೂರನೇ ಹಂಡೆ. ಕಂಪನಿಯ ಕಾಗದಗಳಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ಆಳೆತ್ತರದ ಉಕ್ಕಿನ ಪಾತ್ರೆ, ಸುತ್ತ ಹಬೆ ಹರಿಯುವ ಹೊದಿಕೆ, ನಡುವೆ ತಿರುಗುವ ಕೋಲು, ಮೇಲೊಂದು ಇಣುಕು ಮುಚ್ಚಳ. ಕೆಲಸದವರಿಗೆ ಅದು ಹಂಡೆ, ಅಷ್ಟೇ. ನೀರಿಗೆ ಬಿಳಿ ಪುಡಿ ಸುರಿದು, ಕಾಯಿಸಿ, ಕರಗಿಸಿ, ಆರಿಸಿದರೆ ಪುಸ್ತಕದ ಬೆನ್ನಿಗೆ ಹಚ್ಚುವ ಅಂಟು. ಹೇಳಲು ಒಂದೇ ಸಾಲು, ಮಾಡಲು ಹತ್ತೊಂಬತ್ತು ವರ್ಷ.

ಅಷ್ಟು ವರ್ಷ ದುಡಿದ ಮೇಲೆ ಮೇಲ್ವಿಚಾರಕಿಯ ಕೆಲಸ ಕೇಳಿದ್ದು ಅವಳ ತಪ್ಪು. ಆಗಿನ ಮ್ಯಾನೇಜರು ನಗುನಗುತ್ತಲೇ, “ಹಂಡೆ ತಿರುವೋಕೆ ಯಾರಾದ್ರೂ ಆಗುತ್ತೆ, ಮೇಲ್ವಿಚಾರಣೆಗೆ ಓದಿರಬೇಕು,” ಎಂದುಬಿಟ್ಟರು. ಅವರ ಮಟ್ಟಿಗೆ ಅದು ಸಮಾಧಾನದ ಮಾತು. ಅವಳಿಗೆ ಮುಖಕ್ಕೆ ಹೊಡೆದಂತಾಯಿತು. ಅದೇ ತಿಂಗಳು, ಅದೇ ಕಂಪನಿಯ ಮಾರಾಟ ವಿಭಾಗದಲ್ಲಿದ್ದ ಮೈದುನನೂ ಅವಳೂ ಒಟ್ಟಿಗೆ ರಾಜೀನಾಮೆ ಕೊಟ್ಟು ಹೊರಬಂದರು.

ಕೊನೆಯ ದಿನ ಗೇಟಿನಲ್ಲಿ ಅವಳ ಚೀಲ ತಡಕಾಡಿದರು. ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆದು ನೋಡಿದರು. ಕಂಪನಿಯ ಕಾಗದ, ಸ್ಯಾಂಪಲ್ಲು ಯಾವುದನ್ನೂ ಒಯ್ಯುತ್ತಿಲ್ಲ ಎಂಬ ಹಾಳೆಗೆ ಸಹಿ ಮಾಡಿಸಿಕೊಂಡರು. ಅವಳು ಅಳುಕದೆ ಸಹಿ ಮಾಡಿದಳು, ಏಕೆಂದರೆ ಚೀಲದಲ್ಲಿ ನಿಜಕ್ಕೂ ಏನೂ ಇರಲಿಲ್ಲ. ಎಲ್ಲ ಇದ್ದದ್ದು ತಲೆಯಲ್ಲಿ, ಅದನ್ನು ಬಿಚ್ಚಿ ನೋಡುವ ಕಾವಲುಗಾರ ಇನ್ನೂ ಹುಟ್ಟಿಲ್ಲ. ಯಾವ ವ್ಯಾಪಾರಿಯ ಪುಡಿ ತೇವ ಎಳೆದಿರುತ್ತದೆ, ಗಂಟು ಕಟ್ಟದಂತೆ ಎಷ್ಟೆಷ್ಟಾಗಿ ಸುರಿಯಬೇಕು, ಹಂಡೆಯನ್ನು ಬಿಸಿಯಿರುವಾಗಲೇ ಏಕೆ ತೊಳೆಯಬೇಕು, ಎಲ್ಲ ಬಾಯಿಪಾಠ. ಮೈದುನನ ತಲೆಯಲ್ಲಿ ಗಿರಾಕಿಗಳು ಸಾಲಾಗಿ ಕೂತಿದ್ದರು: ಯಾರು ಮುಂಗೋಪಿ, ಯಾರಿಗೆ ಯಾವ ವಾರ ಮಾಲು ಬೇಕು, ಯಾರ ಮುಂದೆ ಅರ್ಧ ಗಂಟೆ ಸುಮ್ಮನೆ ಕೂತರೆ ಕೆಲಸ ಆಗುತ್ತದೆ. ಹೊಸ ಕಂಪನಿ ಎಂದು ಬೋರ್ಡು ಹಾಕಿಕೊಂಡರೂ ಒಳಗಿದ್ದದ್ದೆಲ್ಲ ಹಳೇ ಕಂಪನಿಯೇ.

ಹಂಡೆ ಕೂಡ ಅಲ್ಲಿಯದೇ. ಮೂರನೇ ಹಂಡೆಯ ಜೋಡಿ ಎರಡನೇ ಹಂಡೆಯನ್ನು ಕಂಪನಿ ಗುಜರಿಗೆ ಹಾಕಿತ್ತು. ಮೈದುನ ಗುಜರಿಯವನಿಂದ ಅದನ್ನು ಎತ್ತಿಸಿಕೊಂಡು ಬಂದ. ಅದರ ಬಿಸಿ ಅಳೆಯುವ ಮೀಟರು ಮಾತ್ರ ಯಾವಾಗಲೋ ಒಡೆದು ಹೋಗಿತ್ತು. ಅದರ ಜಾಗಕ್ಕೆ ಕೆಂಪು ಅಂಕಿ ಬೆಳಗುವ ಹೊಸ ಮೀಟರು ತಂದು ಹಾಕಿಸಿದ. ಪರೀಕ್ಷೆ ಮಾಡಿ ಸರಿಯಿದೆ ಎಂದು ಕೊಟ್ಟ ಪ್ರಮಾಣಪತ್ರಕ್ಕೆ ಗಾಜಿನ ಚೌಕಟ್ಟು ಹಾಕಿಸಿ, ಬಾಡಿಗೆ ಶೆಡ್ಡಿನ ಗೋಡೆಗೆ ತೂಗುಹಾಕಿದ. ತನ್ನ ಪದವಿ ಪತ್ರಕ್ಕೂ ಅವನು ಅಷ್ಟು ಮರ್ಯಾದೆ ಮಾಡಿರಲಿಲ್ಲ.

ಇಷ್ಟೆಲ್ಲ ಇದ್ದೂ ಅಂಟು ಹಿಡಿಯಲಿಲ್ಲ. ಮೊದಲ ಸಲ ಪುಡಿಯನ್ನು ಬೈದರು, ಎರಡನೇ ಸಲ ನೀರನ್ನು. ಮೂರನೇ ಸಲಕ್ಕೆ ಬೈಯಲು ಏನೂ ಉಳಿದಿರಲಿಲ್ಲ.

ಎರಡನೇ ಸ್ಯಾಂಪಲ್ಲು ಬಿದ್ದುಹೋದ ದಿನ ಸಂಜೆ ಮನೆಗೆ ಬಂದಾಗ ಗಂಡ ಬಾಗಿಲಲ್ಲೇ ಸುದ್ದಿ ಹೇಳಿದ. ಅವನು ಶಾಲೆಯ ವ್ಯಾನು ಓಡಿಸುತ್ತಾನೆ, ಸುದ್ದಿ ಹೊಟ್ಟೆಯಲ್ಲಿಟ್ಟುಕೊಳ್ಳುವ ಅಭ್ಯಾಸವಿಲ್ಲ.

“ನಿಮ್ಮ ಹಳೇ ಕಂಪನಿಯಿಂದ ಫೋನ್ ಬಂದಿತ್ತು. ಹೊಸ ಮ್ಯಾನೇಜರು ಬಂದಿದಾರಂತಲ್ಲ, ಅವರದೇ. ಮೂರನೇ ಹಂಡೆಗೆ ತಿಂಗಳ ಕೊನೆವರೆಗೂ ಯಾರನ್ನೂ ತಗೊಳಲ್ವಂತೆ. ನೀನು ಬರೋದಾದ್ರೆ ಬಾ ಅಂದ್ರು.”

“ಮೇಲ್ವಿಚಾರಣೆಗಾ?”

“ಹಂಡೆಗೆ.”

ಅಂಟಕ್ಕ ಚಪ್ಪಲಿ ಬಿಟ್ಟು ಒಳಗೆ ಹೋದಳು.

“ಹೋದ್ರೆ ತಪ್ಪೇನು? ಕರೆದು ಕೊಡ್ತಿದಾರೆ,” ಎಂದ ಗಂಡ ಹಿಂದೆಯೇ ಬಂದು.

“ತಪ್ಪೇನಿಲ್ಲ ರೀ. ಹಂಡೆ ತಿರುವೋಕೆ ಯಾರಾದ್ರೂ ಆಗುತ್ತೆ ಅಂದಿದ್ರಲ್ಲ, ಅದು ನಿಜ ಅಂತ ನಾನೇ ಸಹಿ ಹಾಕಿ ಕೊಟ್ಟ ಹಾಗಾಗುತ್ತೆ, ಅಷ್ಟೇ.”

ಅವಳಿಗೂ ಗೊತ್ತಿತ್ತು, ಶುಕ್ರವಾರ ಹಾಳೆ ಕಿತ್ತು ಬಂದರೆ ಶೆಡ್ಡಿಗೆ ಬೀಗ, ಸೋಮವಾರ ಬಾಲ ಮುದುರಿಕೊಂಡು ಅದೇ ಗೇಟಿಗೆ.

ಮರುದಿನ ಮೈದುನ ಶೆಡ್ಡಿಗೆ ಬಂದಾಗ ಅವನ ಮುಖದಲ್ಲಿ ಬೆಕ್ಕಿನ ಕಳೆಯಿತ್ತು. ಹಾಲು ಕುಡಿದ ಬೆಕ್ಕಿನದು.

“ಅತ್ತಿಗೆ, ಬೈಬೇಡಿ. ಹಳೇ ಕಂಪನಿ ಉಗ್ರಾಣದ ಗುಮಾಸ್ತನ ಹತ್ರ ಹೇಳಿ ಒಂದು ಫೋಟೊ ತರಿಸ್ದೆ.”

ಫೋನಿನಲ್ಲಿದ್ದದ್ದು ಮೂರನೇ ಹಂಡೆಗೆ ನೇತುಹಾಕುವ ಕಾರ್ಡು. ಲ್ಯಾಬಿನ ಮೇಷ್ಟ್ರು ಕೈಯಾರೆ ಬರೆದದ್ದು. ಮೇಷ್ಟ್ರು ಎಂದರೆ ಶಾಲೆಯವರಲ್ಲ; ಕಂಪನಿಯ ಹಿರಿಯ ರಸಾಯನ ತಜ್ಞರು. ಯಾರು ಏನು ಕೇಳಿದರೂ ಕೂರಿಸಿಕೊಂಡು ಪಾಠ ಮಾಡುತ್ತಿದ್ದುದರಿಂದ ಆ ಹೆಸರು. ಅಂಟಕ್ಕನಿಗೆ ಅಂಟಿನ ಅ ಆ ಇ ಈ ತಿದ್ದಿಸಿದವರು ಅವರೇ.

“ನಾನು ಸಹಿ ಮಾಡಿ ಬಂದಿದೀನಿ ಕಣೋ,” ಎಂದಳು ಅವಳು. “ನಿನಗೆ ನಾಚಿಕೆ ಆಗಲ್ವಾ?”

“ನಾಚಿಕೆ ಆಮೇಲೆ ಪಡೋಣ. ಮೊದಲು ನೋಡಿ.”

ನೋಡಿದಳು. ನೋಡಬಾರದು ಎಂದುಕೊಂಡೇ ನೋಡಿದಳು. ನೀರು ಇಷ್ಟು, ಪುಡಿ ಇಷ್ಟು, ಎಂಬತ್ತು ಡಿಗ್ರಿಗೆ ಏರಿಸಿ ಎರಡು ಗಂಟೆ ತಿರುವು. ಒಂದೊಂದು ಸಾಲೂ ಅವಳ ಬಾಯಿಪಾಠದಂತೆಯೇ ಇತ್ತು. ಇಷ್ಟು ದಿನ ಕಾಪಾಡಿಕೊಂಡ ಮಾನ ಕೊಟ್ಟು ಅವಳು ಕೊಂಡದ್ದು ತನ್ನ ಮನೆಯಲ್ಲೇ ಇದ್ದ ಪದಾರ್ಥ. ಅವಳಿಗೆ ಅಳುವೂ ಬಂತು, ನಗುವೂ ಬಂತು. ಕಾರ್ಡಿನ ಹಿಂದೆ ಹಂಡೆಯ ಹೊಟ್ಟೆ ಒಂದಿಷ್ಟು ಕಾಣುತ್ತಿತ್ತು. ಮುಳ್ಳಿನ ಹಳೇ ಮೀಟರಿದ್ದ ಜಾಗದಲ್ಲಿ ಕೆಂಪು ಅಂಕಿಯ ಹೊಸದೊಂದು ಕೂತಿತ್ತು.

“ಮೀಟರು ಬದಲಾಯಿಸಿದಾರೆ,” ಎಂದಳು.

“ಹೊಸ ಮ್ಯಾನೇಜರು ಬಂದ ತಕ್ಷಣ ಎಲ್ಲ ಹಂಡೆಗೂ ಹಾಕಿಸಿದ್ರಂತೆ. ನಮ್ಮ ಮೀಟರು ಮಾಡಿದ ಕಂಪನಿಯದೇ ಅದೂ,” ಎಂದ ಮೈದುನ ಹೆಮ್ಮೆಯಿಂದ, ತಾನೇ ಅವರಿಗೆ ದಾರಿ ತೋರಿಸಿದವನಂತೆ.

ಅವಳು ಫೋಟೊ ಅಳಿಸಿಹಾಕಿಸಿದಳು. ಅಳಿಸುವವರೆಗೂ ಪಕ್ಕದಲ್ಲೇ ನಿಂತಿದ್ದಳು.

ಬುಧವಾರ ಬೆಳಿಗ್ಗೆ ಮೂರನೇ ಸಲಕ್ಕೆ ಹಂಡೆ ಏರಿಸಿದರು. ಪುಡಿ ಹೊಸ ಮೂಟೆಯದು, ನೀರು ಸೋಸಿದ್ದು. ಅಂಟಕ್ಕ ಹಳೇ ಕಂಪನಿಯಲ್ಲಿ ತೊಡುತ್ತಿದ್ದಂಥದೇ ಉದ್ದ ತೋಳಿನ ಕೋಟು ಹೊಲಿಸಿಕೊಂಡಿದ್ದಳು. ಕೆಂಪು ಅಂಕಿ ಎಪ್ಪತ್ತು ದಾಟಿತು, ಎಪ್ಪತ್ತೈದು ದಾಟಿತು, ಎಂಬತ್ತಕ್ಕೆ ಬಂದು ನಿಂತಿತು. ಮೈದುನ ಹಬೆಯ ತಿರುಪನ್ನು ಸಣ್ಣಗೆ ಮಾಡಿದ. ಅವಳು ಎಂದಿನಂತೆ ಇಣುಕು ಮುಚ್ಚಳದ ಹಿಡಿ ಹಿಡಿದು ಎತ್ತಿದಳು, ಒಳಗೆ ನೋಡಿದಳು, ಮುಚ್ಚಿದಳು.

ಮುಚ್ಚಿದ ಮೇಲೆ ತನ್ನ ಕೈಯನ್ನೇ ನೋಡುತ್ತ ನಿಂತಳು.

“ಏನಾಯ್ತು ಅತ್ತಿಗೆ? ಸುಟ್ಟಿತಾ?”

“ಸುಡಲಿಲ್ಲ.”

“ಒಳ್ಳೇದಾಯ್ತಲ್ಲ.”

“ಒಳ್ಳೇದಾಗ್ಲಿಲ್ಲ ಕಣಪ್ಪ. ಸುಡಬೇಕಿತ್ತು.”

ಹತ್ತೊಂಬತ್ತು ವರ್ಷ, ದಿನಕ್ಕೆ ಹತ್ತಾರು ಸಲ, ಮುಳ್ಳು ಎಂಬತ್ತು ಮುಟ್ಟಿದ ಮೇಲೆ ಅವಳು ಆ ಹಿಡಿಯನ್ನು ಬರಿಗೈಯಲ್ಲಿ ಮುಟ್ಟಿದವಳಲ್ಲ. ಕೋಟಿನ ತೋಳನ್ನು ಅಂಗೈವರೆಗೆ ಎಳೆದುಕೊಂಡೇ ಎತ್ತುತ್ತಿದ್ದಳು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಕಾರ್ಡಿನಲ್ಲೂ ಇರಲಿಲ್ಲ. ಮೊದಲ ದಿನ ಬೆರಳು ಚುರ್ರೆಂದಿತ್ತು, ಮರುದಿನದಿಂದ ಕೈ ತಾನೇ ಕಲಿತುಕೊಂಡಿತ್ತು. ಅವಳ ಕೋಟುಗಳ ಬಲತೋಳಿನ ಅಂಚು ಮೊದಲು ಹರಿಯುತ್ತಿದ್ದುದು ಅದಕ್ಕೇ. ಇಲ್ಲಿ ಮೂರು ಸಲ ಅಂಟು ಕಾಯಿಸಿದ್ದಾಳೆ, ಮೂರು ಸಲವೂ ತೋಳು ಎಳೆದುಕೊಂಡಿಲ್ಲ. ಹಂಡೆ ಅದರದೇ ಜೋಡಿ, ಅದೇ ಮುಚ್ಚಳ, ಅದೇ ಹಿಡಿ. ಕೈಗೆ ಗೊತ್ತಾಗಿದ್ದದ್ದು ಅವಳಿಗೆ ಗೊತ್ತಾಗಿರಲಿಲ್ಲ.

“ಇದು ಎಂಬತ್ತಲ್ಲ,” ಎಂದಳು.

ಮೈದುನನ ಮುಖ ಕೆಂಪಾಯಿತು. “ಅತ್ತಿಗೆ, ಗೋಡೆ ಮೇಲೆ ಪತ್ರ ಇದೆ. ಮೀಟರು ಸರಿಯಾಗಿದೆ!”

“ನಿನ್ನ ಮೀಟರು ಸರಿಯಾಗೇ ಇದೆ. ಅಲ್ಲಿಯದು ಸುಳ್ಳು ಹೇಳ್ತಿತ್ತು. ಮುಳ್ಳು ಎಂಬತ್ತು ಅಂತಿತ್ತು, ಒಳಗೆ ಇನ್ನೂ ಜಾಸ್ತಿ ಕಾಯ್ತಿತ್ತು. ಮೇಷ್ಟ್ರು ಆ ಮುಳ್ಳು ನೋಡ್ಕೊಂಡೇ ಕಾರ್ಡು ಬರೆದಿದ್ದು. ಈಗ ಅವರೂ ಸರಿಯಾದ ಮೀಟರು ಹಾಕಿಸ್ಕೊಂಡಿದಾರೆ. ಅವರ ಅಂಟೂ ಬಿಟ್ಕೋತಿದೆ.”

ಮೈದುನ ಗೋಡೆಯ ಪತ್ರವನ್ನು ನೋಡಿದ, ಹಂಡೆಯನ್ನು ನೋಡಿದ. ವರ್ಷಗಳಿಂದ ಅವನು ಗಿರಾಕಿಗಳ ಮುಂದೆ ಕಂಪನಿಯ ವಿಜ್ಞಾನದ ಬಗ್ಗೆ ಭಾಷಣ ಬಿಗಿದವನು. ಆ ವಿಜ್ಞಾನ ಒಂದು ಕೆಟ್ಟ ಮೀಟರಿನ ದಯೆಯಿಂದ ನಡೆಯುತ್ತಿತ್ತೆಂದು ನಂಬಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

“ಎಷ್ಟು ಜಾಸ್ತಿ?” ಎಂದು ಕೊನೆಗೆ ಕೇಳಿದ.

“ನನಗೇನು ಗೊತ್ತು? ತಿರುಪು ಬಿಡು. ಆ ಅಂಕಿಗೆ ಬಟ್ಟೆ ಮುಚ್ಚು, ಅದು ಕಂಡ್ರೆ ನನ್ನ ತಲೆ ಕೆಡುತ್ತೆ.”

ಹಬೆ ಬಿಟ್ಟರು. ಅವಳು ನಿಮಿಷಕ್ಕೊಮ್ಮೆ ಹಿಡಿಯ ಮೇಲೆ ಬೆರಳಿಟ್ಟು ನೋಡಿದಳು. ಮೂರು ಸಲ, ಆರು ಸಲ, ಹನ್ನೊಂದು ಸಲ. ಹನ್ನೆರಡನೇ ಸಲಕ್ಕೆ ಬೆರಳು ಇಡುವ ಮುಂಚೆಯೇ ಅವಳ ಎಡಗೈ ಬಂದು ಬಲತೋಳನ್ನು ಅಂಗೈವರೆಗೆ ಎಳೆದಿತ್ತು. ಬಿಸಿ ಅಷ್ಟು ದೂರದಿಂದಲೇ ಗೊತ್ತಾಗಿತ್ತು.

“ನಿಲ್ಲಿಸು. ಇಷ್ಟೇ.”

ಬಟ್ಟೆ ತೆಗೆದು ನೋಡಿದರೆ ಎಂಬತ್ತೊಂಬತ್ತು.

ಗುರುವಾರ ಅಂಟು ತಣ್ಣಗಾಯಿತು, ಪುಸ್ತಕದ ಬೆನ್ನಿಗೆ ಹಚ್ಚಿ ಒಣಗಿಸಿದರು. ಶುಕ್ರವಾರ ಖರೀದಿ ಸಾಹೇಬರು ಎರಡು ಬೆರಳಲ್ಲಿ ಎಳೆದರು, ಆಮೇಲೆ ಐದು ಬೆರಳಲ್ಲಿ ಎಳೆದರು. ಆಮೇಲೆ ಪುಸ್ತಕವನ್ನು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು ಎರಡೂ ಕೈಯಲ್ಲಿ ಜಗ್ಗಿದರು. ಹಾಳೆ ಹರಿಯಿತು, ಅಂಟು ಬಿಡಲಿಲ್ಲ. ಸಾಹೇಬರು ಏದುಸಿರು ಬಿಡುತ್ತ ನಕ್ಕರು.

“ಯಾರ ಹತ್ರ ಕಲಿತ್ರಮ್ಮ ಇದನ್ನ?”

“ಹಳೇ ಕಂಪನಿ ಲ್ಯಾಬಲ್ಲಿ ಮೇಷ್ಟ್ರು ಇದಾರಲ್ಲ ಸರ್, ಅವರ ಹತ್ರ. ಎಲ್ಲ ಅವರು ಹಾಕಿಕೊಟ್ಟ ದಾರಿ,” ಎಂದಳು ಅಂಟಕ್ಕ. ಗೆದ್ದ ಖುಷಿಯಲ್ಲಿ ಆಡಿದ ಮಾತಾದರೂ ಮನಸ್ಸಿನಿಂದಲೇ ಆಡಿದ್ದಳು.

ಆರ್ಡರಿನ ಕಾಗದ ಮುಂದಿನ ಬುಧವಾರ ಕೊಡುವುದಾಗಿ ಸಾಹೇಬರು ಹೇಳಿದರು.

ಸೋಮವಾರ ಮಧ್ಯಾಹ್ನ ಮೇಷ್ಟ್ರೇ ಶೆಡ್ಡಿಗೆ ಬಂದರು. ಬಿಸಿಲಲ್ಲಿ ನಡೆದು ಬಂದಿದ್ದರು, ಅಂಗಿ ಬೆನ್ನಿಗೆ ಅಂಟಿತ್ತು. ಅಂಟಕ್ಕ ಕೆಲಸ ಬಿಟ್ಟು ಎದ್ದಳು. ಕುರ್ಚಿ ಒರೆಸಿ ಕೊಟ್ಟಳು, ನೀರು ಕೊಟ್ಟಳು. ಮೈದುನ ಅವಳನ್ನು ಮೂಟೆಗಳ ಮರೆಗೆ ಕರೆದ.

“ಅತ್ತಿಗೆ, ಬುಧವಾರದವರೆಗೆ ಬಾಯಿ ಬಿಡಬೇಡಿ. ಅವರ ಅಂಟು ಸರಿಹೋಯ್ತು ಅಂದ್ರೆ ಸಾಹೇಬರು ಅಲ್ಲಿಗೇ ಓಡ್ತಾರೆ. ಅವರ ರೇಟು ನಮಗಿಂತ ಕಮ್ಮಿ. ನಾವು ಮತ್ತೆ ಬೀದಿಗೆ, ನೀವು ಮತ್ತೆ ಮೂರನೇ ಹಂಡೆಗೆ.”

ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅವಳು ಹೋಗಿ ಮೇಷ್ಟ್ರ ಎದುರು ಕೂತಳು.

“ಖರೀದಿಯವರು ಶನಿವಾರ ನಮ್ಮ ಮ್ಯಾನೇಜರಿಗೆ ಫೋನ್ ಮಾಡಿದ್ರು,” ಎಂದು ಮೇಷ್ಟ್ರು ಶುರುಮಾಡಿದರು. “ನಿಮ್ಮ ಮೇಷ್ಟ್ರ ಶಿಷ್ಯೆ ನಿಮಗಿಂತ ಒಳ್ಳೆ ಅಂಟು ಮಾಡ್ತಾಳೆ ಅಂದ್ರಂತೆ. ಮ್ಯಾನೇಜರು ನನ್ನ ಕರೆದು ಕೇಳಿದ್ರು, ಹೊರಗಿನವರಿಗೆ ನೀವೇ ಗುಟ್ಟು ಕೊಡ್ತಿದೀರಾ ಅಂತ. ನನಗೆ, ಮೂವತ್ತೊಂದು ವರ್ಷ ಆದ ಮೇಲೆ.” ಅವರು ನೀರಿನ ಲೋಟ ಕೆಳಗಿಟ್ಟರು. “ನಾನು ಮೂರು ತಿಂಗಳಿಂದ ಒದ್ದಾಡ್ತಿದೀನಿ ಕಣಮ್ಮ. ಪುಡಿ ಬದಲಾಯಿಸಿದೆ, ನೀರು ಬದಲಾಯಿಸಿದೆ. ನೀನು ಹೋಗುವಾಗ ಏನು ತಗೊಂಡು ಹೋದೆ ಹೇಳಿಬಿಡು. ನಾನು ಬೇಜಾರು ಮಾಡ್ಕೊಳಲ್ಲ.”

ಮೂಟೆಗಳ ಹಿಂದೆ ಮೈದುನ ಕೆಮ್ಮಿದ. ಅಂಟಕ್ಕನಿಗೆ ಕೇಳಿಸಿತು. ಅವಳಿಗೆ ಬುಧವಾರವೂ ನೆನಪಿತ್ತು, ಗೇಟೂ ನೆನಪಿತ್ತು. ಆದರೆ ಎದುರಿಗೆ ಕೂತಿದ್ದ ಮನುಷ್ಯ ಒಂದು ಕಾಲದಲ್ಲಿ ಅವಳಿಗೆ ದಶಾಂಶದ ಚುಕ್ಕಿ ಎಲ್ಲಿಡಬೇಕೆಂದು ಅಂಗೈ ಮೇಲೆ ಬರೆದು ತೋರಿಸಿದ್ದವರು.

“ಒಂದು ತಪ್ಪು ಮಾಡಿದೀವಿ ಮೇಷ್ಟ್ರೇ,” ಎಂದಳು. “ಕಾರ್ಡಿನ ಫೋಟೊ ತರಿಸಿ ನೋಡಿದ್ವಿ. ಅದರಿಂದ ಉಪಯೋಗ ಆಗ್ಲಿಲ್ಲ, ಆದ್ರೂ ತಪ್ಪು ತಪ್ಪೇ. ಇನ್ನೇನೂ ತಂದಿಲ್ಲ. ಬನ್ನಿ ಇಲ್ಲಿ.”

ಹಂಡೆ ಕಾಯುತ್ತಿತ್ತು. ಅಂಕಿ ಎಂಬತ್ತು ತೋರಿಸುತ್ತಿತ್ತು. ಅವಳು ಅವರ ಕೈಯನ್ನು ಮುಚ್ಚಳದ ಹಿಡಿಯ ಮೇಲೆ ಇಡಿಸಿದಳು.

“ಬಿಸಿ ಇದೆ,” ಎಂದರು ಮೇಷ್ಟ್ರು.

“ಹಿಡ್ಕೊಳೋಕಾಗುತ್ತಲ್ಲ? ಅಲ್ಲಿ ಎಂಬತ್ತಕ್ಕೆ ಆಗ್ತಿರಲಿಲ್ಲ.”

“ನಾನು ಅಲ್ಲಿ ಮುಟ್ಟಿಯೇ ಇಲ್ಲವಲ್ಲಮ್ಮ. ಗಾಜಿನ ಕೋಣೆಯಿಂದ ಮುಳ್ಳು ನೋಡ್ತಿದ್ದೆ.”

ಅವಳು ಎಲ್ಲವನ್ನೂ ಹೇಳಿದಳು. ತೋಳು, ಹಳೇ ಮೀಟರು, ಹೊಸ ಮೀಟರು, ಎಂಬತ್ತೊಂಬತ್ತು. ಹೇಳುತ್ತ ಹೋದಂತೆ ಅವಳಿಗೆ ಎದೆ ಹಗುರಾಯಿತು. ಆರ್ಡರು ಹೋದರೆ ಹೋಗಲಿ, ಮೇಷ್ಟ್ರ ಮುಂದೆ ತಲೆಯೆತ್ತಿ ನಿಂತೆನಲ್ಲ ಎಂದುಕೊಂಡಳು. ಅವರು “ಭೇಷ್” ಎನ್ನುತ್ತಾರೆ ಎಂದು ಕಾದಳು. ಮೊದಲೆಲ್ಲ ಅವಳು ಲೆಕ್ಕ ಸರಿಯಾಗಿ ಮಾಡಿದಾಗ ಹಾಗೆ ಅನ್ನುತ್ತಿದ್ದರು.

ಮೇಷ್ಟ್ರು ಕುರ್ಚಿಗೆ ವಾಪಸು ಹೋಗಿ ಕೂತರು.

“ಆ ಮೀಟರನ್ನ ನಾನು ಒಂದು ದಿನಾನೂ ಪರೀಕ್ಷೆ ಮಾಡಿಸ್ಲಿಲ್ಲ,” ಎಂದರು. “ವರ್ಷಕ್ಕೊಂದು ಸಲ ಮಾಡಿಸಬೇಕು ಅಂತ ನಿಯಮ ಬರೆದವನೂ ನಾನೇ. ಅಂಟು ಚೆನ್ನಾಗಿ ಬರ್ತಿತ್ತಲ್ಲ, ಸರಿ ಇದೆ ಅಂತ ಬರೆದು ಸಹಿ ಹಾಕ್ತಾ ಹೋದೆ.”

“ಹೋಗ್ಲಿ ಬಿಡಿ ಮೇಷ್ಟ್ರೇ. ನಾಳೆಯಿಂದ ಎಂಬತ್ತೊಂಬತ್ತಕ್ಕೆ ಕಾಯಿಸಿ, ಸರಿಹೋಗುತ್ತೆ.”

“ಹೇಗೆ ಕಾಯಿಸ್ಲಿ? ಯಾಕೆ ಅಂತ ಕೇಳ್ತಾರಲ್ಲ. ಏನು ಹೇಳ್ಲಿ?” ಅವರು ಅವಳತ್ತ ನೋಡಲಿಲ್ಲ. “ಇನ್ನು ಏಳು ತಿಂಗಳಿಗೆ ನಿವೃತ್ತಿ. ಸನ್ಮಾನ ಅಂತೆ, ಏನೇನೋ ಇದೆ. ಮೂವತ್ತೊಂದು ವರ್ಷ ತಪ್ಪು ಅಂಕಿ ಬರೆದ ಅಂತ ಹೇಳಿಸ್ಕೊಂಡು ಹೋಗ್ಲಾ? ಬೇಡ ಕಣಮ್ಮ. ಪುಡಿಯದೇ ದೋಷ ಅಂತ ಬರೆದುಕೊಡ್ತೀನಿ. ನೀನು ನನಗೆ ಏನೂ ಹೇಳಿಲ್ಲ, ನಾನು ಏನೂ ಕೇಳಿಲ್ಲ.”

ಮೂಟೆಗಳ ಹಿಂದೆ ಮೈದುನ ನಿಟ್ಟುಸಿರು ಬಿಟ್ಟದ್ದು ಶೆಡ್ಡಿಗೆಲ್ಲ ಕೇಳಿಸಿತು. ಆರ್ಡರು ತನ್ನದಾಯಿತು, ಯಾರೂ ಕಸಿಯುವಂತಿಲ್ಲ ಎಂದು ಅಂಟಕ್ಕನಿಗೆ ಗೊತ್ತಾಯಿತು. ಸಂತೋಷ ಬರಬೇಕಿತ್ತು. ಬರಲಿಲ್ಲ.

ಮೇಷ್ಟ್ರು ಎದ್ದರು. ಬಾಗಿಲ ಹತ್ತಿರ ಹೋಗಿ ನಿಂತರು.

“ಇನ್ನೊಂದು ಮಾತು. ನನ್ನ ಹತ್ರ ಕಲಿತೆ ಅಂತ ಇನ್ನು ಮೇಲೆ ಯಾರ ಹತ್ರಾನೂ ಹೇಳಬೇಡ.”

“ಮತ್ತೆ ಯಾರ ಹತ್ರ ಕಲಿತೆ ಅಂತ ಹೇಳ್ಲಿ ಮೇಷ್ಟ್ರೇ?”

“ಯಾರ ಹತ್ರಾನೂ ಇಲ್ಲ ಅನ್ನು. ಅದೇನು ಪೂರ್ತಿ ಸುಳ್ಳಲ್ಲವಲ್ಲ.”

ಅವರು ಬಿಸಿಲಿಗಿಳಿದು ನಡೆದರು. ಅವಳು ಬೀದಿಯ ತಿರುವಿನವರೆಗೂ ನೋಡುತ್ತ ನಿಂತಳು. ಹತ್ತೊಂಬತ್ತು ವರ್ಷದಲ್ಲಿ ಯಾವ ಮ್ಯಾನೇಜರಿನ ಮಾತಿಗೂ ಅಳದಿದ್ದವಳು ಕೋಟಿನ ತೋಳಿಂದ ಕಣ್ಣೊರೆಸಿಕೊಂಡಳು. ಒಳಗಿನಿಂದ ಮೈದುನ, ಅಂಕಿ ಎಂಬತ್ತನಾಲ್ಕಕ್ಕೆ ಬಂತು, ಬನ್ನಿ ಅತ್ತಿಗೆ ಎಂದು ಕೂಗುತ್ತಿದ್ದ.